ನೀರಿನಲ್ಲಿ ಕರಗಿದ ಅನಿಲ ನೋಡಿ ಅಂತರ್ಜಲದ ದಾರಿ ಹಿಡಿಯುತ್ತಾರಂತೆ. ನಮ್ಮ ಅರಸೀಕೆರೆ, ಕಡೂರು ಕಡೆಯ ಬೋರ್‌ವೆಲ್‌ಗಳಿಗೆ ಇದು ಆಗುತ್ತದೆಯೇ?

ಬಾಣಾವರ ತೆಂಗು
ಎಲ್ಲರಿಗೂ ನಮಸ್ಕಾರ. ನಮ್ಮೂರ ಕೆರೆಯ ಹೂಳೆತ್ತಿಸಲು ಮನೆಗಿಷ್ಟು ಎಂದು ಹಣ ಹಾಕುವ ಮಾತು ನಡೆದಿದೆ, ಊರು ಎರಡು ಪಾಲಾಗಿದೆ. ಕೆರೆ ತುಂಬಿದರೆ ತೋಟದ ಬೋರ್‌ಗಳಿಗೆ ಜೀವ ಬರುತ್ತದೆ ಎನ್ನುವವರು ನಾವು ಒಂದಷ್ಟು ಜನ. 800 ಅಡಿಯ ಕೆಳಗೆ ಸಿಗುವ ನೀರಿಗೂ ಮೇಲಿನ ಕೆರೆಗೂ ಏನೂ ಸಂಬಂಧವಿಲ್ಲ, ಅದು ಸಾವಿರಾರು ವರ್ಷದ ಹಳೆಯ ನೀರು, ಮುಗಿದರೆ ಮುಗಿಯಿತು ಎನ್ನುವವರು ಉಳಿದವರು. ಇಬ್ಬರ ಕೈಯಲ್ಲೂ ಸಾಕ್ಷಿ ಇಲ್ಲ, ಗಂಟಲು ಮಾತ್ರ ಇದೆ.

ನನ್ನ ತಂಗಿಯ ಮಗಳು ಭೂವಿಜ್ಞಾನ ಓದುತ್ತಿದ್ದಾಳೆ. ಸುಣ್ಣಕಲ್ಲಿನ ಪ್ರದೇಶಗಳಲ್ಲಿ ನೀರಿನೊಳಗೆ ಕರಗಿರುವ ಅನಿಲಗಳನ್ನು ಅಳೆದು, ಆ ನೀರು ಎಲ್ಲಿ ಇಂಗಿತು, ಎಷ್ಟು ಕಾಲದ ಹಿಂದೆ ಇಂಗಿತು ಎಂದು ಹೇಳಬಹುದು ಎಂದಳು. ಅದು ನಿಜವಾದರೆ ನಮ್ಮ ಜಗಳ ಬಗೆಹರಿಸಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ. ತೆಂಗಿನ ಗರಿಗಳು ಜೋತು ಬಿದ್ದಿವೆ, ನಮಗೆ ಇದು ಹೊತ್ತು ಕಳೆಯುವ ಮಾತಲ್ಲ.

ಸಕಲೇಶಪುರದವಳು
ಹಾಸನ ಜಿಲ್ಲೆಯಲ್ಲಿ ಸುಣ್ಣಕಲ್ಲಿನ ಪ್ರದೇಶ ಎಲ್ಲಿದೆ ಅಣ್ಣ? ನಮ್ಮದೆಲ್ಲ ಗಟ್ಟಿ ಕಲ್ಲು. ಅಲ್ಲಿಯದು ಇಲ್ಲಿಗೆ ಹೊಂದುವುದಿಲ್ಲ.

ಜಾವಗಲ್ ರೈತ
ಇಲ್ಲದೆ ಏನು? ನಮ್ಮ ಬೋರ್ ನೀರು ಕಾಯಿಸಿದ ಹಂಡೆಯ ಒಳಗೆ ಬಿಳಿ ಪೊರೆ ಬೆರಳು ದಪ್ಪ ಕಟ್ಟುತ್ತದೆ. ಹೊಲ ಉತ್ತರೆ ಸುಣ್ಣದ ಉಂಡೆಗಳು ಏಳುತ್ತವೆ. ಕೆಳಗೆ ಸುಣ್ಣಕಲ್ಲು ಇರಲೇಬೇಕು.

ಕಲ್ಲುಗಣ್ಣು
ಜಾವಗಲ್‌ನವರೇ, ನೀವು ಕಂಡದ್ದು ನಿಜ, ಆದರೆ ಅದರಿಂದ ಕೆಳಗೆ ಸುಣ್ಣಕಲ್ಲಿದೆ ಎಂದಾಗುವುದಿಲ್ಲ. ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ಕಡೆ ಮಣ್ಣಿನ ನೀರು ಆವಿಯಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಉಂಡೆಗಟ್ಟುತ್ತದೆ. ಅದು ಮಣ್ಣಿನಲ್ಲಿ ಹುಟ್ಟಿದ ಸುಣ್ಣ. ಆ ಕ್ಯಾಲ್ಸಿಯಂ ನಮ್ಮ ಕಡೆಯ ನೈಸ್ ಎಂಬ ಗಟ್ಟಿ ಶಿಲೆಯ ಫೆಲ್ಡ್‌ಸ್ಪಾರ್ ಖನಿಜ ಕೊಳೆತಾಗಲೂ ಬರುತ್ತದೆ. ಹಂಡೆಯ ಪೊರೆಯೂ ಅದೇ. ನಿಜವಾದ ಸುಣ್ಣಕಲ್ಲಿನ ಭೂಮಿ ನೋಡಬೇಕಾದರೆ ಕಲಬುರಗಿ ಕಡೆಯ ಶಹಾಬಾದ್, ಸೇಡಂಗೆ ಹೋಗಬೇಕು. ಇಲ್ಲವೇ ಬಾಗಲಕೋಟೆ ಕಡೆ. ಸುಣ್ಣಕಲ್ಲು ಕರಗಿ ಗುಹೆಯಾದದ್ದನ್ನು ನೋಡಬೇಕೆಂದರೆ ಆಂಧ್ರದ ಬೇಲಂ ಗುಹೆ. ಉದ್ದ 3,200 ಮೀಟರಿಗೂ ಹೆಚ್ಚು, ನೀರೇ ಕೊರೆದ ದಾರಿ.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ಮಳೆನೀರು ಮಣ್ಣಿನೊಳಗೆ ಇಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುತ್ತದೆ. ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವುದರಿಂದ ಮಣ್ಣಿನ ಗಾಳಿಯಲ್ಲಿ ಅದು ಹೊರಗಿನ ಗಾಳಿಗಿಂತ ಹತ್ತಾರು ಪಟ್ಟು, ಕೆಲವೆಡೆ ನೂರು ಪಟ್ಟು ಹೆಚ್ಚಿರುತ್ತದೆ. ಹೀಗೆ ಹುಳಿಯಾದ ನೀರು ಸುಣ್ಣಕಲ್ಲಿನ ಬಿರುಕನ್ನು ಕರಗಿಸುತ್ತದೆ, ಬಿರುಕು ಕೊಳವೆಯಾಗುತ್ತದೆ, ಕೊಳವೆ ಗುಹೆಯಾಗುತ್ತದೆ. ಅಂಥ ಕಡೆ ಹೊಳೆಗಳು ನೆಲದಲ್ಲೇ ಮಾಯವಾಗಿ ಮೈಲಿಗಟ್ಟಲೆ ದೂರದಲ್ಲಿ ಚಿಲುಮೆಯಾಗಿ ಏಳುತ್ತವೆ. ಕೊಳವೆಯೊಳಗೆ ನೀರು ದಿನಕ್ಕೆ ಕಿಲೋಮೀಟರ್‌ಗಟ್ಟಲೆ ಓಡಬಲ್ಲದು. ಅದೇ ಬಂಡೆಯ ಸಣ್ಣ ರಂಧ್ರಗಳಲ್ಲಿ ಸಿಕ್ಕಿಕೊಂಡ ನೀರು ವರ್ಷಗಟ್ಟಲೆ ತೆವಳುತ್ತದೆ. ಒಂದೇ ಚಿಲುಮೆಯಲ್ಲಿ ನಿನ್ನೆಯ ಮಳೆಯೂ ತಾತನ ಕಾಲದ ಮಳೆಯೂ ಒಟ್ಟಿಗೆ ಹೊರಬರುತ್ತವೆ. ಯಾವುದು ಎಷ್ಟು ಎಂದು ಬಿಡಿಸಿ ಹೇಳುವುದೇ ಅಲ್ಲಿನ ಕಷ್ಟ. ಕರಗಿದ ಅನಿಲಗಳು ಕೈಹಿಡಿಯುವುದು ಅಲ್ಲಿ.

ತರೀಕೆರೆ ಅಡಿಕೆ
ಅಷ್ಟೆಲ್ಲ ಏಕೆ? ಹಳೆಯ ಮೂಳೆ, ಮರದ ತುಂಡುಗಳಿಗೆ ಮಾಡುವ ಕಾರ್ಬನ್ ಪರೀಕ್ಷೆಯನ್ನೇ ನೀರಿಗೂ ಮಾಡಿದರೆ ವಯಸ್ಸು ಸಿಗುವುದಿಲ್ಲವೇ?

ಕಡೂರು ರಸಾಯನ
ನಾನು ರಸಾಯನಶಾಸ್ತ್ರ ಕಲಿಸುವವನು, ಇದಕ್ಕೆ ಉತ್ತರ ಕೊಡುತ್ತೇನೆ. ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲದ ಅರ್ಧಾಯು 5,730 ವರ್ಷ, ಅಂದರೆ ಅಷ್ಟು ಕಾಲದಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ನೀರಿನಲ್ಲಿ ಕರಗಿದ ಇಂಗಾಲದಲ್ಲಿ ಅದೆಷ್ಟು ಉಳಿದಿದೆ ಎಂದು ನೋಡಿ ವಯಸ್ಸು ಹೇಳುತ್ತಾರೆ. ಆದರೆ ಸುಣ್ಣಕಲ್ಲಿನಲ್ಲಿ ಏನಾಗುತ್ತದೆ ನೋಡಿ. ಕಲ್ಲಿನ ಇಂಗಾಲ ಕೋಟಿಗಟ್ಟಲೆ ವರ್ಷದ ಹಳೆಯದು, ಅದರಲ್ಲಿ ಕಾರ್ಬನ್-14 ಒಂದು ಚೂರೂ ಇರುವುದಿಲ್ಲ. ನೀರು ಕಲ್ಲನ್ನು ಕರಗಿಸಿದಾಗ ಆ ಸತ್ತ ಇಂಗಾಲ ನೀರಿಗೆ ಸೇರುತ್ತದೆ. ಕಲ್ಲು ಕರಗುವ ರಾಸಾಯನಿಕ ಸಮೀಕರಣದ ಪ್ರಕಾರ ನೀರಿನ ಇಂಗಾಲ ಅರ್ಧ ಮಣ್ಣಿನಿಂದ, ಅರ್ಧ ಕಲ್ಲಿನಿಂದ. ಅಂದರೆ ಹೋದ ವರ್ಷ ಬಿದ್ದ ಮಳೆನೀರೂ ಲೆಕ್ಕದಲ್ಲಿ 5,700 ವರ್ಷದ ಮುದುಕನಾಗಿ ಕಾಣುತ್ತದೆ. ತಿದ್ದುಪಡಿಯ ವಿಧಾನಗಳಿವೆ, ಆದರೆ ಹತ್ತಿಪ್ಪತ್ತು ವರ್ಷದ ಎಳೆಯ ನೀರಿಗೆ ಅವು ಯಾವ ಪ್ರಯೋಜನಕ್ಕೂ ಬರುವುದಿಲ್ಲ.

ಆದ್ದರಿಂದಲೇ ಕಲ್ಲಿನ ಜೊತೆ ಯಾವ ವ್ಯವಹಾರವನ್ನೂ ಇಟ್ಟುಕೊಳ್ಳದ ಅನಿಲಗಳನ್ನು ಹುಡುಕಿದರು. ನಿಯಾನ್, ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್ ಯಾವುದರೊಡನೆಯೂ ಸೇರುವುದಿಲ್ಲ. ತಣ್ಣನೆಯ ನೀರಿನಲ್ಲಿ ಅನಿಲ ಹೆಚ್ಚು ಕರಗುತ್ತದೆ, ಬಿಸಿ ನೀರಿನಲ್ಲಿ ಕಡಿಮೆ. ಈ ವ್ಯತ್ಯಾಸ ಕ್ಸೆನಾನ್‌ನಲ್ಲಿ ಅತಿ ಹೆಚ್ಚು. ನೀರು ಇಂಗುವಾಗ ನೆಲ ಎಷ್ಟು ತಣ್ಣಗಿತ್ತು ಎಂಬುದನ್ನು ಈ ಅನಿಲಗಳ ಪ್ರಮಾಣದಿಂದ ಲೆಕ್ಕ ಹಾಕಬಹುದು. ಬೆಟ್ಟದ ತಲೆಯಲ್ಲಿ ಇಂಗಿದ ನೀರೋ ಬುಡದಲ್ಲಿ ಇಂಗಿದ ನೀರೋ ಎಂದು ಯುರೋಪಿನ ಸುಣ್ಣಕಲ್ಲಿನ ಪರ್ವತಗಳಲ್ಲಿ ಹೇಳುವುದು ಹೀಗೆ.

ಮುಳ್ಳಯ್ಯನಗಿರಿ ಕಾಫಿ
ಮೇಷ್ಟರೇ, ಇದು ನಮ್ಮ ಕಡೆಗೆ ನೇರವಾಗಿ ಬರುತ್ತದೆ. ಬಾಬಾಬುಡನ್‌ಗಿರಿಯ ನೀರೇ ನೆಲದೊಳಗೆ ಹರಿದು ಕಡೂರು, ಸಖರಾಯಪಟ್ಟಣದ ಬೋರ್‌ಗಳಿಗೆ ಬರುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎತ್ತರ. ಕಡೂರು ಅದಕ್ಕಿಂತ ಸಾವಿರ ಮೀಟರಿಗೂ ಹೆಚ್ಚು ಕೆಳಗಿದೆ. ಮೇಲೆ ಚಳಿ, ಕೆಳಗೆ ಸೆಕೆ. ಕಡೂರಿನ ಬೋರ್ ನೀರಿನ ಕ್ಸೆನಾನ್ ಅಳೆದರೆ ಅಂತರಗಂಗೆ ಇದೆಯೋ ಇಲ್ಲವೋ ಗೊತ್ತಾಗಬೇಕಲ್ಲವೇ?

ಕಲ್ಲುಗಣ್ಣು
ತತ್ತ್ವದಲ್ಲಿ ಗೊತ್ತಾಗುತ್ತದೆ, ನಿಮ್ಮ ಪ್ರಶ್ನೆ ಬಹಳ ಚೆನ್ನಾಗಿದೆ. ನೂರು ಮೀಟರಿಗೆ ಸುಮಾರು 0.6 ಡಿಗ್ರಿ ಇಳಿಯುತ್ತದೆ ಎಂದರೆ 6-7 ಡಿಗ್ರಿಯ ವ್ಯತ್ಯಾಸ. ಅಷ್ಟನ್ನು ಈ ಅನಿಲಗಳು ಖಂಡಿತ ತೋರಿಸುತ್ತವೆ. ಆದರೆ ಗಿರಿಯಿಂದ ಕಡೂರಿನವರೆಗೆ ಬಂಡೆಯೊಳಗೆ ಒಂದು ಹೊಳೆ ಹರಿಯುವುದು ನಮ್ಮ ಕಲ್ಲಿನಲ್ಲಿ ಸಾಧ್ಯವಿಲ್ಲ. ಇಲ್ಲಿ ನೀರಿರುವುದು ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ, ಅದರ ಕೆಳಗೆ ಬಿರುಕುಗಳಲ್ಲಿ. ಬಿರುಕು ಬಿರುಕಿಗೆ ಸೇರಿದರೆ ನೀರು ಸಾಗುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ. ಗಿರಿಯ ನೀರು ಕೆಳಗಿಳಿಯುವುದು ವೇದಾ, ಅವತಿ ಹಳ್ಳಗಳಾಗಿ. ಅಯ್ಯನಕೆರೆ, ಮದಗದ ಕೆರೆಗಳಾಗಿ. ಅಲ್ಲಿಂದ ಇಂಗುವುದು ಬೇರೆ ಮಾತು, ಅದು ಆಗುತ್ತದೆ.

ಹಳೇಬೀಡು ಹುಡುಗ
ನೆಲದೊಳಗೆ ಹೊಳೆ ಎಂದ ಕೂಡಲೇ ನೆನಪಾಯಿತು. 1901ರಲ್ಲಿ ಫ್ರಾನ್ಸಿನ ಪೊಂಟಾರ್ಲಿಯೆ ಎಂಬ ಊರಿನಲ್ಲಿ ಮದ್ಯದ ಕಾರ್ಖಾನೆಗೆ ಬೆಂಕಿ ಬಿತ್ತು. ಸ್ಫೋಟವಾಗದಿರಲಿ ಎಂದು ತೊಟ್ಟಿಗಳಲ್ಲಿದ್ದ ಅಬ್ಸಿಂಥ್ ಎಂಬ ಮದ್ಯವನ್ನು ಪಕ್ಕದ ದೂ ನದಿಗೆ ಬಿಟ್ಟರು. ಸುಮಾರು ಎರಡು ದಿನ ಕಳೆದ ಮೇಲೆ ದೂರದ ಲೂ ಎಂಬ ನದಿಯ ಮೂಲ ಚಿಲುಮೆಯಲ್ಲಿ ಅದೇ ವಾಸನೆ! ಒಂದು ನದಿಯ ನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಸೋರಿ ಇನ್ನೊಂದು ನದಿಯಾಗಿ ಹುಟ್ಟುತ್ತಿದೆ ಎಂದು ಜನರಿಗೆ ಗೊತ್ತಾದದ್ದು ಹಾಗೆ.

ಸಕಲೇಶಪುರದವಳು
ಎಂಥ ಸಂಗತಿ! ಎರಡು ದಿನದಲ್ಲಿ ಅಷ್ಟು ದೂರ!

ಕಡೂರು ರಸಾಯನ
ಅದಕ್ಕೂ ಮೊದಲೇ, 1877ರಲ್ಲಿ, ಜರ್ಮನಿಯಲ್ಲಿ ಬೇಕೆಂದೇ ಬಣ್ಣ ಹಾಕಿ ನೋಡಿದ್ದಾರೆ. ಡ್ಯಾನ್ಯೂಬ್ ನದಿ ಬೇಸಿಗೆಯಲ್ಲಿ ಇಮ್ಮೆಂಡಿಂಗನ್ ಬಳಿ ಪಾತ್ರದಲ್ಲೇ ಇಂಗಿ ಮಾಯವಾಗುತ್ತದೆ. ಅಲ್ಲಿ 10 ಕಿಲೋ ಯುರಾನಿನ್ ಎಂಬ ಹೊಳೆಯುವ ಬಣ್ಣ ಸುರಿದರು. ಸುಮಾರು 60 ಗಂಟೆಗಳ ಮೇಲೆ 12 ಕಿಲೋಮೀಟರ್ ಆಚೆಯ ಆಹ್ ಚಿಲುಮೆ ಹಸಿರಾಗಿ ಹೊಳೆಯಿತು. ಆ ಚಿಲುಮೆಯ ನೀರು ಸೇರುವುದು ರೈನ್ ನದಿಗೆ. ಕಪ್ಪು ಸಮುದ್ರಕ್ಕೆ ಹೋಗಬೇಕಾದ ನೀರು ಹೀಗೆ ಉತ್ತರ ಸಮುದ್ರಕ್ಕೆ ಹೋಗುತ್ತಿದೆ. ನಮ್ಮ ಜಿಲ್ಲೆಯ ಹೇಮಾವತಿ ಕಾವೇರಿಗೂ ಭದ್ರಾ ಕೃಷ್ಣೆಯ ಕಡೆಗೂ ಹೋಗುತ್ತವಲ್ಲ, ಅವೆರಡರ ನಡುವಿನ ದಿಣ್ಣೆಯನ್ನು ನೆಲದಡಿಯಲ್ಲೇ ದಾಟಿದ ಹಾಗೆ.

ಬಣ್ಣದ ಪ್ರಯೋಗಕ್ಕೆ ಒಂದು ಮಿತಿಯಿದೆ. ಸುರಿದ ಜಾಗದಿಂದ ಕಂಡ ಜಾಗಕ್ಕೆ ದಾರಿ ಇದೆ ಎಂದು ಅದು ಹೇಳುತ್ತದೆ. ಚಿಲುಮೆಯ ಉಳಿದ ನೀರು ಎಲ್ಲಿಂದ ಬಂತು ಎಂದು ಹೇಳುವುದಿಲ್ಲ. ಅನಿಲವಾದರೆ ಇಡೀ ಭೂಮಿಯ ಮೇಲೆ ಬಿದ್ದ ಮಳೆಯೆಲ್ಲ ತಾನಾಗಿ ಹೊತ್ತು ತಂದ ಗುರುತು.

ನಿವೃತ್ತ ಸಬ್‌ಸ್ಟೇಷನ್
ನನ್ನದೊಂದು ಪ್ರಶ್ನೆ. ಈ ಬಗ್ಗೆ ಮಗನ ಬಳಿ ಕೇಳಿದಾಗ ಎಸ್‌ಎಫ್6 ಎಂಬ ಅನಿಲದ ಹೆಸರು ಹೇಳಿದ. ನಾವು ಸಬ್‌ಸ್ಟೇಷನ್ನಿನಲ್ಲಿ ಬ್ರೇಕರ್‌ಗೆ ತುಂಬುತ್ತಿದ್ದುದು ಅದೇ ಅಲ್ಲವೇ? ಅದು ಅಂತರ್ಜಲಕ್ಕೆ ಹೇಗೆ ಹೋಯಿತು?

ಕಲ್ಲುಗಣ್ಣು
ಅದೇ ಅನಿಲ ಸಾರ್. ಸಲ್ಫರ್ ಹೆಕ್ಸಾಫ್ಲೋರೈಡ್. ಕಿಡಿ ಆರಿಸಲು ವಿದ್ಯುತ್ ಉಪಕರಣಗಳಲ್ಲಿ ತುಂಬುತ್ತಾರೆ, ಸ್ವಲ್ಪ ಸ್ವಲ್ಪ ಸೋರುತ್ತದೆ. ಗಾಳಿಗೆ ಸೇರಿದ್ದು ನೂರಾರು ವರ್ಷ ಹಾಗೆಯೇ ಉಳಿಯುತ್ತದೆ, ಆದ್ದರಿಂದ ವರ್ಷದಿಂದ ವರ್ಷಕ್ಕೆ ಏರುತ್ತಲೇ ಇದೆ. ಈಗ ಲಕ್ಷ ಕೋಟಿ ಭಾಗ ಗಾಳಿಯಲ್ಲಿ 11 ಭಾಗಕ್ಕೂ ಹೆಚ್ಚು ಇದೆ. 1970ರ ಸುಮಾರಿಗೆ ಒಂದು ಭಾಗವೂ ಇರಲಿಲ್ಲ. ಯಾವ ವರ್ಷ ಎಷ್ಟಿತ್ತು ಎಂಬ ದಾಖಲೆ ಇರುವುದರಿಂದ, ನೀರಿನಲ್ಲಿ ಕರಗಿದ ಪ್ರಮಾಣ ನೋಡಿ ಅದು ಯಾವ ವರ್ಷದ ಗಾಳಿಯನ್ನು ಕೊನೆಯ ಬಾರಿ ಮುಟ್ಟಿತ್ತು ಎಂದು ಹೇಳಬಹುದು. ಹಳೆಯ ಫ್ರಿಜ್‌ಗಳ ಸಿಎಫ್‌ಸಿ ಅನಿಲದ್ದೂ ಇದೇ ಲೆಕ್ಕ. ಆದರೆ 1987ರ ಮಾಂಟ್ರಿಯಲ್ ಒಪ್ಪಂದದ ಮೇಲೆ ಅದು ಏರುವುದು ನಿಂತು ಇಳಿಯತೊಡಗಿತು, ಹೀಗಾಗಿ ಒಂದೇ ಪ್ರಮಾಣಕ್ಕೆ ಎರಡು ಬೇರೆ ವರ್ಷಗಳು ಹೊಂದುತ್ತವೆ. ಜೊತೆಗೆ ಆಮ್ಲಜನಕ ಇಲ್ಲದ ನೀರಿನಲ್ಲಿ ಸಿಎಫ್‌ಸಿ ಒಡೆದು ಹೋಗುತ್ತದೆ.

ಅಮೆರಿಕದ ಫ್ಲಾರಿಡಾ ಪೂರ್ತಿ ಸುಣ್ಣಕಲ್ಲಿನ ಮೇಲೆ ಕುಳಿತಿದೆ. ಅಲ್ಲಿನ ದೊಡ್ಡ ಚಿಲುಮೆಗಳ ನೀರಿಗೆ ಈ ಅನಿಲಗಳನ್ನೂ ಟ್ರಿಟಿಯಂ (ವಿಕಿರಣಶೀಲ ಹೈಡ್ರೋಜನ್) ಮತ್ತು ಅದು ಕ್ಷಯಿಸಿ ಆಗುವ ಹೀಲಿಯಂ ಜೋಡಿಯನ್ನೂ ಅಳೆದಾಗ ಸರಾಸರಿ ವಯಸ್ಸು ದಶಕಗಳ ಲೆಕ್ಕದಲ್ಲಿ ಬಂತು. ಗುಹೆಯೊಳಗೆ ಹೊಳೆಯಂತೆ ಓಡುವ ನೀರು ಅಷ್ಟು ಹಳೆಯದೇ ಎಂದು ಕೇಳಬಹುದು. ಓಡುವುದು ಕೊಳವೆಯಲ್ಲಿ, ಕೂಡಿಟ್ಟಿರುವುದು ಬಂಡೆಯ ರಂಧ್ರಗಳಲ್ಲಿ. ಚಿಲುಮೆಯಲ್ಲಿ ಬಹುಪಾಲು ಆ ಕೂಡಿಟ್ಟ ನೀರು. ಎಂದೋ ಹೊಲಕ್ಕೆ ಹಾಕಿದ ರಸಗೊಬ್ಬರದ ನೈಟ್ರೇಟ್ ಈಗ ಅಲ್ಲಿ ಹೊರಬರುತ್ತಿದೆ. ನಾವು ಅಡಿಕೆ ತೋಟಕ್ಕೆ ಸುರಿಯುತ್ತಿರುವ ಯೂರಿಯಾ ಯಾವ ವರ್ಷ ಯಾರ ಬೋರ್‌ನಲ್ಲಿ ಏಳುತ್ತದೆ ಎಂದು ನಾವೂ ಕೇಳಿಕೊಳ್ಳಬೇಕು.

ತರೀಕೆರೆ ಅಡಿಕೆ
ಎಲ್ಲಿ ಮಾತಾಡಿದರೂ ಕೊನೆಗೆ ಯೂರಿಯಾಕ್ಕೆ ತಂದು ನಿಲ್ಲಿಸುತ್ತೀರಿ. ಅಡಿಕೆ ಬೆಳೆಗಾರ ಒಬ್ಬನೇ ಗೊಬ್ಬರ ಹಾಕುವುದೇ? ಆಲೂಗಡ್ಡೆಗೆ ಎಷ್ಟು ಹಾಕುತ್ತಾರೆ ಹಾಸನದಲ್ಲಿ?

ಹಳೇಬೀಡು ಹುಡುಗ
ಆಲೂಗಡ್ಡೆಗೂ ಹಾಕುತ್ತೇವೆ, ಶುಂಠಿಗೆ ಇನ್ನೂ ಹೆಚ್ಚು. ಕಲ್ಲುಗಣ್ಣು ಹೇಳಿದ್ದು ಎಲ್ಲರಿಗೂ ಸೇರಿಯೇ. ನೀರಿನ ಮಾತಿಗೆ ಬನ್ನಿ.

ಬಾಣಾವರ ತೆಂಗು
ದಯವಿಟ್ಟು ಜಗಳ ಬೇಡ, ಊರಿನಲ್ಲಿ ಅದು ಸಾಕಷ್ಟಿದೆ. ಎಸ್‌ಎಫ್6 ಪರೀಕ್ಷೆ ನಮ್ಮ ಬೋರ್ ನೀರಿಗೆ ಮಾಡಿಸಿದರೆ ವರ್ಷ ಗೊತ್ತಾಗುತ್ತದೆ ಎಂದಾಯಿತೇ?

ಕಲ್ಲುಗಣ್ಣು
ಇಲ್ಲಿಯೇ ಸುಣ್ಣಕಲ್ಲಿಗೂ ನಮ್ಮ ಕಲ್ಲಿಗೂ ದೊಡ್ಡ ವ್ಯತ್ಯಾಸ. ಗ್ರಾನೈಟ್‌ನಂಥ ಅಗ್ನಿಶಿಲೆಗಳ ಖನಿಜಗಳಲ್ಲಿ, ಮುಖ್ಯವಾಗಿ ಫ್ಲೋರೈಟ್‌ನಲ್ಲಿ, ಎಸ್‌ಎಫ್6 ಸಹಜವಾಗಿಯೇ ಸಿಕ್ಕಿಕೊಂಡಿರುತ್ತದೆ. ಅದು ನೀರಿಗೆ ಬಿಟ್ಟುಕೊಂಡರೆ ಹಳೆಯ ನೀರೂ ಎಳೆಯದಾಗಿ ಕಾಣುತ್ತದೆ. ಸುಣ್ಣಕಲ್ಲಿನಲ್ಲಿ ಕಾರ್ಬನ್-14 ಎಳೆಯ ನೀರನ್ನು ಮುದುಕ ಮಾಡುತ್ತದೆ, ಗ್ರಾನೈಟ್‌ನಲ್ಲಿ ಎಸ್‌ಎಫ್6 ಮುದುಕನನ್ನು ಹುಡುಗನನ್ನಾಗಿ ಮಾಡುತ್ತದೆ. ಯಾವ ಕಲ್ಲಿಗೆ ಯಾವ ಅನಿಲ ಎಂಬುದನ್ನು ನೋಡದೆ ಪರೀಕ್ಷೆ ಮಾಡಿಸಿದರೆ ದುಡ್ಡು ಹಾಳು.

ನಮ್ಮ ಕಲ್ಲಿಗೆ ಹೊಂದುವುದು ಹೀಲಿಯಂ. ಯುರೇನಿಯಂ, ಥೋರಿಯಂ ಕ್ಷಯಿಸುವಾಗ ಹೀಲಿಯಂ-4 ಹುಟ್ಟುತ್ತದೆ. ನೀರು ಬಂಡೆಯಲ್ಲಿ ಕುಳಿತಷ್ಟು ಕಾಲ ಅದು ಸೇರುತ್ತಲೇ ಹೋಗುತ್ತದೆ. ಹೆಚ್ಚು ಹೀಲಿಯಂ ಎಂದರೆ ಬಹಳ ಕಾಲ ಕುಳಿತ ನೀರು. ಅದರ ಜೊತೆಗೆ ಟ್ರಿಟಿಯಂ. ಅದರ ಅರ್ಧಾಯು 12.3 ವರ್ಷ, ಅಣುಬಾಂಬ್ ಪರೀಕ್ಷೆಗಳಿಂದಾಗಿ 1963ರಲ್ಲಿ ಮಳೆಯಲ್ಲಿ ಅತಿ ಹೆಚ್ಚಿತ್ತು. ಬೋರ್ ನೀರಿನಲ್ಲಿ ಟ್ರಿಟಿಯಂ ಇದೆ ಎಂದರೆ ಅದರಲ್ಲಿ ಹೊಸ ಮಳೆಯ ಪಾಲು ಇದೆ. ಏನೇನೂ ಇಲ್ಲ, ಹೀಲಿಯಂ ಮಾತ್ರ ಬಹಳ ಇದೆ ಎಂದರೆ ನಿಮ್ಮೂರಿನ ಎದುರು ಪಕ್ಷದವರ ಮಾತಿಗೆ ಬಲ ಬರುತ್ತದೆ.

ರಿಗ್ ಗಾಡಿ
ನಾನು ಬೋರ್ ಕೊರೆಯುವ ಗಾಡಿಯಲ್ಲಿ ಕೆಲಸ ಮಾಡಿದವನು, ಅರಸೀಕೆರೆಯಿಂದ ಅಜ್ಜಂಪುರದವರೆಗೆ. ನೀವು ಪ್ರಯೋಗಶಾಲೆಯ ಮಾತು ಆಡುತ್ತಿದ್ದೀರಿ, ಬೋರ್ ಒಳಗೆ ಏನಿದೆ ಎಂದು ನಾನು ಹೇಳುತ್ತೇನೆ.

ಆರೂವರೆ ಇಂಚಿನ ಬೋರ್. ಮೇಲೆ ಮಣ್ಣು, ಕೊಳೆತ ಕಲ್ಲು ಇರುವಷ್ಟು ಆಳ ಕೇಸಿಂಗ್ ಪೈಪ್ ಇಳಿಸುತ್ತೇವೆ. ಗಟ್ಟಿ ಕಲ್ಲು ಸಿಕ್ಕ ಮೇಲೆ ಕೇಸಿಂಗ್ ಇಲ್ಲ, ಕೆಳಗೆ ಪೂರ್ತಿ ಬರಿಯ ಕಲ್ಲಿನ ತೂತು. ಬಿಟ್ ಇಳಿಯುತ್ತಿದ್ದಂತೆ ಒಣ ಪುಡಿ ಬೂದಿಯಂತೆ ಹಾರುತ್ತಿರುತ್ತದೆ. 180 ಅಡಿಯಲ್ಲಿ ಒಂದು ಗ್ಯಾಪ್, ಅಂದರೆ ನೀರಿರುವ ಬಿರುಕು, ಸಿಕ್ಕಿತು ಎನ್ನಿ, ಪುಡಿ ಒದ್ದೆಯಾಗಿ ಉಂಡೆಗಟ್ಟಿ ಬೀಳುತ್ತದೆ. ಅರ್ಧ ಇಂಚು ನೀರು. ಮಾಲೀಕರು ಇನ್ನೂ ಇಳಿಸಿ ಎನ್ನುತ್ತಾರೆ. 430ರಲ್ಲಿ ಇನ್ನೊಂದು, 790ರಲ್ಲಿ ಮತ್ತೊಂದು. ಕೊನೆಗೆ ಎರಡು ಇಂಚು ನೀರು ಎಂದು ಪೂಜೆ ಮಾಡುತ್ತಾರೆ. ಆ ಎರಡು ಇಂಚಿನಲ್ಲಿ ಮೂರು ಗ್ಯಾಪಿನ ನೀರೂ ಇದೆ. ಮೇಲಿನ ಗ್ಯಾಪಿನ ನೀರು ತೂತಿನ ಗೋಡೆಗೆ ಬಡಿಯುತ್ತಾ ನೂರಾರು ಅಡಿ ಕೆಳಗೆ ಬೀಳುತ್ತದೆ, ಕಿವಿಗೊಟ್ಟರೆ ಸದ್ದು ಕೇಳಿಸುತ್ತದೆ. ಈ ನೀರನ್ನು ಹಿಡಿದು 800 ಅಡಿಯ ನೀರು ಎಂದು ಪರೀಕ್ಷೆಗೆ ಕಳುಹಿಸಿದರೆ ಅದು ಸುಳ್ಳು.

ಕಡೂರು ರಸಾಯನ
ಇಡೀ ಚರ್ಚೆಯಲ್ಲಿ ಅತಿ ಬೆಲೆಯುಳ್ಳ ಮಾತು ಇದು. ಹಾಗೆ ಬೀಳುವಾಗ ನೀರು ಬೋರ್ ಒಳಗಿನ ಗಾಳಿಯೊಡನೆ ಬೆರೆಯುತ್ತದೆ ಕೂಡ. ಹೀಲಿಯಂ, ರೇಡಾನ್ ಹಾರಿಹೋಗುತ್ತವೆ, ಇಂದಿನ ಗಾಳಿ ಒಳಸೇರುತ್ತದೆ. ಸುಣ್ಣಕಲ್ಲಿನ ಗುಹೆಗಳಲ್ಲೂ ಇದೇ ತೊಂದರೆ. ಕೊಳವೆ ಪೂರ್ತಿ ತುಂಬಿ ಹರಿದರೆ ಅನಿಲದ ಗುರುತು ಉಳಿಯುತ್ತದೆ. ಅರ್ಧ ತುಂಬಿ, ಮೇಲೆ ಗಾಳಿ ಇದ್ದರೆ ನೀರು ಹಳೆಯ ಅನಿಲವನ್ನು ಬಿಟ್ಟು ಹೊಸದನ್ನು ಹಿಡಿಯುತ್ತದೆ. ಗೋಲಿ ಸೋಡಾ ತೆರೆದಿಟ್ಟರೆ ಏನಾಗುತ್ತದೆ, ಅದೇ.

ಜಾವಗಲ್ ರೈತ
ನಮ್ಮದು ಕಂಪ್ರೆಸರ್ ಬೋರ್. ಗಾಳಿ ಊದಿ ನೀರು ಎತ್ತುವುದು. ಅದರ ನೀರು?

ರಿಗ್ ಗಾಡಿ
ನಿಮ್ಮದನ್ನು ಬಿಟ್ಟುಬಿಡಿ. ಗಾಳಿ ತುಂಬಿಯೇ ಬರುವ ನೀರು ಅದು, ಅನಿಲ ಪರೀಕ್ಷೆಗೆ ಆಗುವುದಿಲ್ಲ. ನೀರಿನೊಳಗೆ ಮುಳುಗಿರುವ ಸಬ್‌ಮರ್ಸಿಬಲ್ ಪಂಪ್ ಇರಬೇಕು, ದಿನವೂ ಓಡುತ್ತಿರಬೇಕು. ಹೊಸದಾಗಿ ಕೊರೆದ ಬೋರ್ ಕೂಡ ಬೇಡ, ಕೊರೆಯುವಾಗ ನಾವು ಒತ್ತಡದ ಗಾಳಿಯನ್ನೇ ಕಲ್ಲಿನೊಳಗೆ ನುಗ್ಗಿಸಿರುತ್ತೇವೆ.

ಅಜ್ಜಂಪುರ ಈರುಳ್ಳಿ
ಇಷ್ಟೆಲ್ಲ ತಲೆನೋವು ಏಕೆ? ತೆಂಗಿನಕಾಯಿ ಅಂಗೈಯಲ್ಲಿಟ್ಟು ಪಾಯಿಂಟ್ ತೋರಿಸುವವರು ನಮ್ಮೂರಿನಲ್ಲೇ ಇದ್ದಾರೆ. ಕಾಯಿ ಎದ್ದು ನಿಂತರೆ ನೀರು. ನಮ್ಮ ತೋಟದಲ್ಲಿ ಹೇಳಿದ ಕಡೆಯೇ ಬಂದಿದೆ.

ಸಕಲೇಶಪುರದವಳು
ಬರದೇ ಹೋದ ಬೋರ್‌ಗಳ ಸಾಲ ತೀರಿಸುತ್ತಿರುವವರನ್ನೂ ಕೇಳಿ. ಬಂದವರು ಮಾತ್ರ ಕಥೆ ಹೇಳುತ್ತಾರೆ. ನನ್ನ ತವರಿನಲ್ಲಿ ಒಂದರ ಮೇಲೊಂದು ಬೋರ್ ಒಣಗಿ ಚಿನ್ನ ಅಡವಿಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ. ಇದನ್ನು ಹಗುರವಾಗಿ ಮಾತಾಡಬೇಡಿ.

ಅಜ್ಜಂಪುರ ಈರುಳ್ಳಿ
ನಂಬಿಕೆ ನನ್ನದು, ದುಡ್ಡು ನನ್ನದು. ಎತ್ತಿನಹೊಳೆ ಯೋಜನೆಯ ನೀರು ಬಂದರೆ ಯಾವ ಪರೀಕ್ಷೆಯೂ ಬೇಕಿಲ್ಲ.

ಸಕಲೇಶಪುರದವಳು
ಎತ್ತಿನಹೊಳೆ ಎಂದು ಸುಲಭವಾಗಿ ಹೇಳುತ್ತೀರಿ. ಆ ಕಾಡು, ಆ ಹಳ್ಳಗಳು ನಮ್ಮ ಮನೆಯ ಹಿಂದಿನವು. ಬಯಲುಸೀಮೆಗೆ ನೀರು ಬೇಡ ಎಂದು ನಾನು ಹೇಳುವುದಿಲ್ಲ, ನಿಮ್ಮ ಕಷ್ಟ ಗೊತ್ತಿದೆ. ಆದರೆ ನಿಮ್ಮ ಕೆರೆಗೆ ಬೀಳುವ ಮಳೆ ಎಷ್ಟು ಇಂಗುತ್ತದೆ ಎಂದು ಅಳೆದು ನೋಡದೆ ನಮ್ಮ ಹಳ್ಳದ ಕಡೆ ಕೈ ಚಾಚುವುದು ಸರಿಯಲ್ಲ.

ಬಾಣಾವರ ತೆಂಗು
ಅಕ್ಕ, ನೀವು ಹೇಳಿದ್ದೇ ನನ್ನ ಪ್ರಶ್ನೆ. ಅಳೆದು ನೋಡೋಣ ಎಂದೇ ಬಂದಿದ್ದೇನೆ. ಎತ್ತಿನಹೊಳೆಗೆ ಬೇರೆ ಚರ್ಚೆ ತೆರೆಯೋಣ.

ಮುಳ್ಳಯ್ಯನಗಿರಿ ಕಾಫಿ
ರೇಡಾನ್ ಎಂಬ ಹೆಸರು ಮೇಷ್ಟರು ಹೇಳಿದರು. ಅದು ವಿಷ ಅಲ್ಲವೇ? ನಮ್ಮ ತೋಟದ ಒರತೆಯ ನೀರನ್ನು ಆಳುಗಳೆಲ್ಲ ಕುಡಿಯುತ್ತಾರೆ.

ಕಡೂರು ರಸಾಯನ
ರೇಡಾನ್ ವಿಕಿರಣಶೀಲ ಅನಿಲ, ಕಲ್ಲಿನಲ್ಲಿರುವ ರೇಡಿಯಂನಿಂದ ಹುಟ್ಟುತ್ತದೆ. ಸುಣ್ಣಕಲ್ಲಿಗಿಂತ ಗ್ರಾನೈಟ್‌ನಲ್ಲಿ ಸಾಮಾನ್ಯವಾಗಿ ಹೆಚ್ಚು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಲೀಟರಿಗೆ 100 ಬೆಕೆರಲ್ (ವಿಕಿರಣದ ಅಳತೆ) ಎಂಬ ಮಟ್ಟ ಹೇಳಿತ್ತು. ಅಮೆರಿಕದ ಪರಿಸರ ಸಂಸ್ಥೆ 11.1 ಎಂದು ಪ್ರಸ್ತಾಪಿಸಿತ್ತು. ಒರತೆಯ ನೀರು ಕಲ್ಲುಗಳ ಮೇಲೆ ಹರಿದು, ಕೊಡದಲ್ಲಿ ತುಂಬಿ, ಮನೆಯಲ್ಲಿ ಇಟ್ಟು ಕುಡಿಯುವಷ್ಟರಲ್ಲಿ ಬಹುಪಾಲು ಹಾರಿಹೋಗುತ್ತದೆ. ಕುದಿಸಿದರೆ ಇನ್ನೂ ಬೇಗ. ಆದರೆ ಮುಚ್ಚಿದ ಕೋಣೆಯಲ್ಲಿ ಸೇರಿಕೊಂಡು ಉಸಿರಿಗೆ ಹೋಗುವ ರೇಡಾನ್ ಅಪಾಯಕಾರಿ, ಆದ್ದರಿಂದ ಕುದಿಸುವಾಗ ಕಿಟಕಿ ತೆರೆದಿಡಿ.

ನೀರಿನ ಚಲನೆಗೆ ಇದು ಅದ್ಭುತ ಗುರುತು. ಅರ್ಧಾಯು 3.8 ದಿನ ಮಾತ್ರ. ಬಿಸಿಲು ಗಾಳಿಯಲ್ಲಿ ಹರಿಯುವ ಹಳ್ಳದಲ್ಲಿ ರೇಡಾನ್ ಇಲ್ಲವೇ ಇಲ್ಲ ಎನ್ನಬೇಕು. ಅಂಥ ಹಳ್ಳ ಸುಣ್ಣಕಲ್ಲಿನ ಬಾಯಿಯೊಳಗೆ ಬಿದ್ದರೆ, ಒಳಗೆ ಕಳೆದ ಪ್ರತಿ ದಿನಕ್ಕೂ ರೇಡಾನ್ ಏರುತ್ತಾ ಮೂರು ನಾಲ್ಕು ವಾರಗಳಲ್ಲಿ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಚಿಲುಮೆಯಲ್ಲಿ ಅಳೆದು, ಒಳಗೆ ಒಂದೆರಡು ದಿನ ಇತ್ತೋ ಎರಡು ವಾರ ಇತ್ತೋ ಎಂದು ಹೇಳಬಹುದು. ಅದಕ್ಕಿಂತ ಹಳೆಯದಾದರೆ ಅದು ಏನನ್ನೂ ಹೇಳಲಾರದು. ನಿಮ್ಮ ತೋಟದ ಹಳ್ಳಕ್ಕೂ ಇದನ್ನು ಬಳಸಬಹುದು. ಬೇಸಿಗೆಯಲ್ಲಿ ಹಳ್ಳದುದ್ದಕ್ಕೂ ಅಲ್ಲಲ್ಲಿ ಅಳೆಯುತ್ತಾ ಹೋದರೆ, ಎಲ್ಲಿ ರೇಡಾನ್ ದಿಢೀರನೆ ಏರಿತೋ ಅಲ್ಲಿ ಒರತೆ ಸೇರುತ್ತಿದೆ.

ಮುಳ್ಳಯ್ಯನಗಿರಿ ಕಾಫಿ
ಇದು ನಮಗೆ ಬೇಕಾದದ್ದು. ಯಾವ ಒರತೆಯ ಮೇಲಿನ ಕಾಡನ್ನು ಮುಟ್ಟಬಾರದು ಎಂದು ಪಕ್ಕದ ತೋಟದವರಿಗೆ ತೋರಿಸಲು ಒಂದು ಆಧಾರ.

ಕಲ್ಲುಗಣ್ಣು
ಉತ್ತರಾಖಂಡದ ಗೌಚರ್ ಬಳಿ ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದವರು ಇಂಥದೇ ಉದ್ದೇಶಕ್ಕೆ ನೀರಿನ ಐಸೋಟೋಪ್ (ಒಂದೇ ಧಾತುವಿನ ಹಗುರ, ಭಾರದ ರೂಪಗಳು) ಅಳೆದು, ಒರತೆಗಳಿಗೆ ಮಳೆ ಎಲ್ಲಿ ಇಂಗುತ್ತಿದೆ ಎಂದು ಗುರುತಿಸಿದರು. ಅಲ್ಲಿ ಇಂಗುಗುಂಡಿ, ಒಡ್ಡು ಕಟ್ಟಿದ ಮೇಲೆ ಒರತೆಗಳ ನೀರು ಹೆಚ್ಚಿತು.

ಬಾಣಾವರದವರಿಗೆ ಈಗ ನನ್ನ ನೇರ ಸಲಹೆ. ನಿಮ್ಮ ಪ್ರಶ್ನೆ ನೀರಿನ ವಯಸ್ಸಲ್ಲ, ಕೆರೆಯ ನೀರು ಬೋರ್‌ಗೆ ಬರುತ್ತದೆಯೇ ಎಂಬುದು. ಅದಕ್ಕೆ ಅನಿಲಕ್ಕಿಂತ ಅಗ್ಗದ, ಗಟ್ಟಿಯಾದ ಗುರುತು ಇದೆ. ಕೆರೆಯ ನೀರು ಬೇಸಿಗೆಯಲ್ಲಿ ಆವಿಯಾಗುವಾಗ ಹಗುರ ಅಣುಗಳು ಮೊದಲು ಹೋಗುತ್ತವೆ, ಭಾರದ ಆಕ್ಸಿಜನ್-18, ಡ್ಯುಟೀರಿಯಂ ಇರುವ ಅಣುಗಳು ಹೆಚ್ಚು ಉಳಿಯುತ್ತವೆ. ನೇರವಾಗಿ ಹೊಲದಲ್ಲಿ ಇಂಗಿದ ಮಳೆಗೆ ಈ ಗುರುತು ಅಷ್ಟು ಇರುವುದಿಲ್ಲ. ಕೆರೆಯ ಏರಿಯ ಕೆಳಗಿನ ಬೋರ್‌ನಲ್ಲಿ ಈ ಆವಿಯ ಗುರುತು ಇದ್ದು, ಕೆರೆಗಿಂತ ಮೇಲಿರುವ ಬೋರ್‌ನಲ್ಲಿ ಇಲ್ಲದಿದ್ದರೆ, ಕೆರೆ ಉಣಿಸುತ್ತಿದೆ ಎಂದರ್ಥ. ಜೊತೆಗೆ ಕೆಲವು ಬೋರ್‌ಗಳಿಗೆ ಟ್ರಿಟಿಯಂ. ರೂರ್ಕಿಯ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯಲ್ಲಿ ಇಂಥ ಪ್ರಯೋಗಾಲಯವಿದೆ. ಊರವರು ಸುಮ್ಮನೆ ಬಾಟಲಿ ಕಳುಹಿಸುವುದಕ್ಕಿಂತ ನಿಮ್ಮ ತಂಗಿಯ ಮಗಳ ಕಾಲೇಜಿನ ಮೂಲಕ ಹೋಗುವುದು ಒಳ್ಳೆಯದು. ಅವಳಿಗೂ ಅದು ಪ್ರಬಂಧದ ವಿಷಯವಾಗುತ್ತದೆ.

ಹಳೇಬೀಡು ಹುಡುಗ
ಹಾಗಾದರೆ ಅನಿಲದ ಇಷ್ಟು ಮಾತು ನಮಗೆ ಏತಕ್ಕೆ?

ಕಲ್ಲುಗಣ್ಣು
ಕೆರೆ ಉಣಿಸುತ್ತಿಲ್ಲ ಎಂದು ಬಂದರೆ ಮುಂದಿನ ಪ್ರಶ್ನೆ ಆಗ ಏಳುತ್ತದೆ: ಈ ನೀರು ಎಷ್ಟು ಹಳೆಯದು, ಎಷ್ಟು ದಿನ ಎತ್ತಬಹುದು? ಆಗ ಹೀಲಿಯಂ ಬೇಕು. ಈಜಿಪ್ಟಿನ ಮರುಭೂಮಿಯ ಕೆಳಗಿನ ಮರಳುಗಲ್ಲಿನ ನೀರಿಗೆ ಕ್ರಿಪ್ಟಾನ್-81 ಎಂಬ ಬಹಳ ನಿಧಾನವಾಗಿ ಕ್ಷಯಿಸುವ ಅನಿಲ ಅಳೆದು 2004ರಲ್ಲಿ ಪ್ರಕಟಿಸಿದ ವಯಸ್ಸು 2 ಲಕ್ಷದಿಂದ 10 ಲಕ್ಷ ವರ್ಷ. ಅಂಥ ನೀರನ್ನು ಎತ್ತಿದರೆ ಮಳೆ ಬಂದು ತುಂಬಿಕೊಡುವುದಿಲ್ಲ. ನಮ್ಮ ಬಿರುಕುಗಳಲ್ಲಿ ಅಷ್ಟು ಹಳೆಯದು ಇದೆ ಎಂದು ನಾನು ಹೇಳುತ್ತಿಲ್ಲ. ಆದರೆ 180 ಅಡಿಯ ಗ್ಯಾಪಿನ ನೀರೂ 790ರ ಗ್ಯಾಪಿನ ನೀರೂ ಒಂದೇ ಲೆಕ್ಕ ಎಂದುಕೊಂಡು ಎತ್ತುತ್ತಾ ಹೋಗುವುದು ತಪ್ಪು. ನಿಮ್ಮ ಊರಿನ ಎರಡು ಪಕ್ಷಗಳೂ ಒಂದೊಂದು ಗ್ಯಾಪಿನ ಮಟ್ಟಿಗೆ ಸರಿ ಇರುವುದು ಸಾಧ್ಯ.

ಬಾಣಾವರ ತೆಂಗು
ಎಲ್ಲರಿಗೂ ಕೈಮುಗಿಯುತ್ತೇನೆ. ತಂಗಿಯ ಮಗಳೊಡನೆ ಮಾತಾಡಿದೆ, ಅವಳ ಮೇಷ್ಟರು ಒಪ್ಪಿದ್ದಾರೆ. ಏರಿಯ ಕೆಳಗಿನ ಕೆಲವು ಬೋರ್, ಮೇಲಿನ ಕೆಲವು ಬೋರ್ ಆರಿಸಬೇಕಂತೆ. ಎದುರು ಪಕ್ಷದವರ ಬೋರ್ ಕೂಡ ಸೇರಿಸುತ್ತೇನೆ, ಇಲ್ಲದಿದ್ದರೆ ಫಲಿತಾಂಶವನ್ನು ಯಾರೂ ನಂಬುವುದಿಲ್ಲ. ಕೆರೆಯಲ್ಲಿ ಈಗ ಮೊಣಕಾಲುದ್ದ ನೀರಿದೆ. ಅದನ್ನು ಯಾವಾಗ ಹಿಡಿಯಬೇಕು?

ಕಲ್ಲುಗಣ್ಣು
ಈಗಲೇ, ಮೊದಲ ದೊಡ್ಡ ಮಳೆಗೆ ಮುಂಚೆ. ಮಳೆ ಬಿದ್ದರೆ ಗುರುತು ತೆಳುವಾಗುತ್ತದೆ. ಐಸೋಟೋಪ್‌ಗೆ 50 ಮಿಲಿಲೀಟರಿನ ಸಣ್ಣ ಬಾಟಲಿ ಸಾಕು. ಬಾಯಿಯವರೆಗೆ ತುಂಬಿ ಬಿಗಿಯಾಗಿ ಮುಚ್ಚಿ, ಒಳಗೆ ಗುಳ್ಳೆ ಉಳಿಯಬಾರದು. ಮುಂದೆ ಅನಿಲಕ್ಕೆ ಹಿಡಿಯುವುದಾದರೆ ಕ್ರಮವೇ ಬೇರೆ. ಪೈಪನ್ನು ಬಾಟಲಿಯ ತಳಕ್ಕೆ ಮುಟ್ಟಿಸಿ, ಹಲವು ಪಟ್ಟು ನೀರು ಉಕ್ಕಿ ಹರಿಯಲು ಬಿಟ್ಟು, ನೀರಿನೊಳಗೇ ಮುಚ್ಚಳ ಹಾಕಬೇಕು. ಹೀಲಿಯಂಗೆ ಗಾಜೂ ಆಗದು, ಸೋರುತ್ತದೆ. ತಾಮ್ರದ ಕೊಳವೆಯಲ್ಲಿ ಹಿಡಿದು ಎರಡು ತುದಿಯನ್ನೂ ಕ್ಲಾಂಪಿನಿಂದ ಅಮುಕಿ ಮುಚ್ಚುತ್ತಾರೆ.

ರಿಗ್ ಗಾಡಿ
ಬೋರ್ ಆರಿಸುವ ಮುಂಚೆ ಕೊರೆದಾಗ ಬರೆದುಕೊಟ್ಟ ಚೀಟಿ ಕೇಳಿ. ಕೇಸಿಂಗ್ ಎಷ್ಟು, ಎಷ್ಟು ಅಡಿಗೆ ಗ್ಯಾಪ್ ಎಂದು ಅದರಲ್ಲಿ ಇರುತ್ತದೆ. ಚೀಟಿ ಕಳೆದುಹೋಗಿದ್ದರೆ ಪಾಯಿಂಟ್ ಹಾಕಿಸಿದ ಮನೆಯ ಹೆಂಗಸರನ್ನು ಕೇಳಿ, ಅವರಿಗೆ ಅಡಿ ಲೆಕ್ಕ ಬಾಯಿಪಾಠವಾಗಿರುತ್ತದೆ. ಒಂದೇ ಗ್ಯಾಪ್ ಇರುವ ಬೋರ್ ಸಿಕ್ಕರೆ ಅದನ್ನು ಬಿಡಬೇಡಿ.

ಜಾವಗಲ್ ರೈತ
ನಮ್ಮ ಅಣ್ಣನದು 240 ಅಡಿ, ಒಂದೇ ಗ್ಯಾಪ್, ಸಬ್‌ಮರ್ಸಿಬಲ್, ಕೆರೆಯ ಹತ್ತಿರವೇ ಇದೆ. ನಿಮ್ಮ ಊರಿನ ಜೊತೆ ನಮ್ಮದನ್ನೂ ಸೇರಿಸಿಕೊಳ್ಳುವುದಾದರೆ ಬಾಟಲಿಯ ಖರ್ಚು ನಮ್ಮದು.

ಬಾಣಾವರ ತೆಂಗು
ಸೇರಿಸುತ್ತೇನೆ. ಭಾನುವಾರ ಬೆಳಗ್ಗೆ ಹುಡುಗಿ ಬರುತ್ತಾಳೆ, ಮೊದಲು ನಮ್ಮ ಕೆರೆ, ಮಧ್ಯಾಹ್ನದ ಹೊತ್ತಿಗೆ ನಿಮ್ಮಲ್ಲಿಗೆ. ಅಣ್ಣನಿಗೆ ಹೇಳಿ, ನಾವು ಬರುವ ಮುಂಚೆ ಮೋಟಾರ್ ಒಂದು ಗಂಟೆಯಾದರೂ ಓಡಿರಲಿ.